ತೋಟಗಾರಿಕಾ ಉದ್ಯಮದ ಮೌಲ್ಯ ಸರಪಳಿ: ಅರಿಯುವ, ಅಳೆಯುವ ಮತ್ತು ನಿರ್ವಹಿಸುವ ಕ್ರಮ

ಗಿಡದಿಂದ ಬೇರ್ಪಟ್ಟ ಮೇಲೂ ಹಣ್ಣು, ತರಕಾರಿ ಮತ್ತು ಹೂವುಗಳು ಜೀವಂತವಾಗಿಯೇ ಇರುತ್ತವೆ. ಅವು ಉಸಿರಾಡುತ್ತವೆ, ಬಿಸಿಯನ್ನು ಹೊರಹಾಕುತ್ತವೆ, ನೀರನ್ನು ಕಳೆದುಕೊಳ್ಳುತ್ತವೆ. ಆದರೆ ಬೇರು ಒದಗಿಸುತ್ತಿದ್ದ ನೀರೂ ಎಲೆ ಒದಗಿಸುತ್ತಿದ್ದ ಆಹಾರವೂ ಕೊಯ್ಲಿನ ಕ್ಷಣಕ್ಕೇ ನಿಂತುಹೋಗಿರುತ್ತವೆ. ಅಲ್ಲಿಂದ ಮುಂದೆ ಉತ್ಪನ್ನವು ತನ್ನೊಳಗೆ ಕೂಡಿಟ್ಟುಕೊಂಡದ್ದನ್ನೇ ಖರ್ಚು ಮಾಡುತ್ತ ಬದುಕುತ್ತದೆ. ಹೀಗೆ ಖರ್ಚಾದ ಆಯುಸ್ಸನ್ನು ಮುಂದೆ ಬರುವ ಯಾವ ಕೈಯೂ, ಯಾವ ಶೀತಲಗೃಹವೂ ಮರಳಿ ತುಂಬಿಕೊಡಲಾರದು. ತೋಟಗಾರಿಕೆಯ ಮೌಲ್ಯ ಸರಪಳಿ ಬಟ್ಟೆಯ ಅಥವಾ ಕಬ್ಬಿಣದ ಮೌಲ್ಯ ಸರಪಳಿಗಿಂತ ಬೇರೆಯಾಗುವುದು ಇದೊಂದೇ ಕಾರಣಕ್ಕೆ. ಇಲ್ಲಿ ಮೌಲ್ಯವನ್ನು ಸೇರಿಸುವುದಕ್ಕಿಂತ ಮೊದಲು, ಇರುವ ಮೌಲ್ಯ ಎಲ್ಲಿ, ಯಾರ ಕೈಯಲ್ಲಿ, ಯಾವ ಲೆಕ್ಕಕ್ಕೂ ಸಿಗದೆ ಕರಗುತ್ತಿದೆ ಎಂಬುದನ್ನು ಕಂಡುಹಿಡಿಯಬೇಕಾಗುತ್ತದೆ.

ಪೂರೈಕೆ ಸರಪಳಿ ಮತ್ತು ಮೌಲ್ಯ ಸರಪಳಿ ಎಂಬ ಎರಡು ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ವಾಡಿಕೆಯಾಗಿದೆ. ಮಾಲು ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ, ಯಾವ ವಾಹನದಲ್ಲಿ ತಲುಪುತ್ತದೆ ಎಂಬುದು ಪೂರೈಕೆಯ ಪ್ರಶ್ನೆ. ಪ್ರತಿಯೊಂದು ಹಂತದಲ್ಲಿ ಮಾಲಿಗೆ ಏನು ಸೇರಿತು, ಅದಕ್ಕೆ ವೆಚ್ಚವೆಷ್ಟಾಯಿತು, ಆ ಸೇರ್ಪಡೆಗೆ ಕೊನೆಯ ಖರೀದಿದಾರ ನಿಜವಾಗಿಯೂ ಹಣ ಕೊಡುತ್ತಾನೆಯೇ, ಕೊಟ್ಟರೆ ಆ ಹಣ ಯಾರಿಗೆ ಸೇರಿತು ಎಂಬುದು ಮೌಲ್ಯ ಸರಪಳಿಯ ಪ್ರಶ್ನೆ. 1985ರಲ್ಲಿ ನಿರ್ವಹಣಾಶಾಸ್ತ್ರದ ವಿದ್ವಾಂಸ ಮೈಕೆಲ್ ಪೋರ್ಟರ್ ಈ ಪರಿಕಲ್ಪನೆಯನ್ನು ಮುಂದಿಟ್ಟಾಗ ಅವರ ಗಮನ ಒಂದೇ ಸಂಸ್ಥೆಯ ಒಳಗಿನ ಚಟುವಟಿಕೆಗಳ ಮೇಲಿತ್ತು. ಆ ಬಳಿಕ ಅದು ಬೀಜ ಮತ್ತು ಸಸಿಯಿಂದ ಹಿಡಿದು ಗ್ರಾಹಕರವರೆಗಿನ ಅನೇಕ ಉದ್ಯಮಗಳ ಸಾಲಿಗೆ ವಿಸ್ತರಿಸಿತು. ಈ ಮಾರ್ಗದರ್ಶಿ ಆ ವಿಸ್ತೃತ ಅರ್ಥವನ್ನೇ ಹಿಡಿದು ನಡೆಯುತ್ತದೆ.

ಮೊದಲ ಹೆಜ್ಜೆ: ಸರಪಳಿಯ ಕೊನೆಯಿಂದ ಆರಂಭಿಸಿ

ಬೆಳೆಗಾರರು ಸಾಮಾನ್ಯವಾಗಿ ತೋಟದಿಂದ ಹೊರಟು ಮಾರುಕಟ್ಟೆಯ ಕಡೆಗೆ ಯೋಚಿಸುತ್ತಾರೆ. ವಿಶ್ಲೇಷಣೆಯನ್ನು ಮಾತ್ರ ಕೊನೆಯ ಖರೀದಿದಾರರಿಂದ ಹಿಂದಕ್ಕೆ ನಡೆಸಬೇಕು. ಒಂದೇ ಟೊಮೆಟೊ ತಾಜಾ ಮಾರಾಟಕ್ಕೆ ಹೋಗುವಾಗ ಗಟ್ಟಿತನ, ಏಕರೂಪದ ಗಾತ್ರ ಮತ್ತು ಬಣ್ಣವನ್ನು ಅವಲಂಬಿಸಿ ಬೆಲೆ ಪಡೆಯುತ್ತದೆ. ಅದೇ ಟೊಮೆಟೊ ಸಂಸ್ಕರಣಾ ಘಟಕಕ್ಕೆ ಹೋದರೆ ಅಲ್ಲಿ ನೋಡುವುದು ಕರಗಿದ ಘನಾಂಶ (ಅಂದರೆ ರಸದಲ್ಲಿ ಕರಗಿರುವ ಸಕ್ಕರೆ ಮೊದಲಾದವು), ಆಮ್ಲೀಯತೆ ಮತ್ತು ಕೆಂಪು ಬಣ್ಣದ ಗಾಢತೆಯನ್ನು. ಗಾತ್ರಕ್ಕೆ ಅಲ್ಲಿ ಅಷ್ಟು ಮಹತ್ವವಿಲ್ಲ. ಆದ್ದರಿಂದ ಗಾತ್ರಕ್ಕೆ ತಕ್ಕಂತೆ ವಿಂಗಡಿಸಿದ ಮಾಲನ್ನು ಸಂಸ್ಕರಣಾ ಘಟಕಕ್ಕೆ ಕಳುಹಿಸಿದರೆ ವಿಂಗಡಣೆಯ ಕೂಲಿ ವ್ಯರ್ಥವಾಗುತ್ತದೆ. ಖರೀದಿದಾರ ಹಣ ಕೊಡದ ಕೆಲಸ ಎಷ್ಟೇ ಶ್ರದ್ಧೆಯಿಂದ ನಡೆದಿದ್ದರೂ ಅದು ವೆಚ್ಚ ಮಾತ್ರ.

ಒಂದು ಉತ್ಪನ್ನ ಮತ್ತು ಒಂದು ಮಾರುಕಟ್ಟೆಯನ್ನು ಆರಿಸಿಕೊಂಡು, ಅಲ್ಲಿನ ಖರೀದಿದಾರರನ್ನು ಸ್ವತಃ ಭೇಟಿಯಾಗಿ ಮಾತನಾಡಿ. ಯಾವ ಕಾರಣಕ್ಕೆ ಮಾಲನ್ನು ತಿರಸ್ಕರಿಸುತ್ತಾರೆ, ಯಾವ ತಿಂಗಳಲ್ಲಿ ಮಾಲು ಸಿಗದೆ ಪರದಾಡುತ್ತಾರೆ, ಮಾಲು ಬಂದ ಮೇಲೆ ಎಷ್ಟು ದಿನ ಅದು ಮಾರಾಟಯೋಗ್ಯವಾಗಿ ಉಳಿಯಬೇಕೆಂದು ಬಯಸುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರೆದುಕೊಳ್ಳಿ. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು. ಉತ್ಪನ್ನದ ಒಟ್ಟು ಆಯುಸ್ಸು 14 ದಿನಗಳಾಗಿದ್ದು, ಅಂಗಡಿಗೆ 5 ದಿನ ಮತ್ತು ಗ್ರಾಹಕರ ಮನೆಗೆ 3 ದಿನ ಬೇಕೆಂದಾದರೆ, ಕೊಯ್ಲಿನಿಂದ ಅಂಗಡಿಯವರೆಗಿನ ಇಡೀ ಸರಪಳಿಗೆ ಉಳಿಯುವುದು 6 ದಿನಗಳು. ಈ 6 ದಿನಗಳೇ ನಿಮ್ಮ ಬಂಡವಾಳ. ಮುಂದಿನ ಎಲ್ಲ ನಿರ್ಧಾರಗಳನ್ನೂ ಇದರ ಮಿತಿಯೊಳಗೆ ಕೈಗೊಳ್ಳಬೇಕು.

ಎರಡನೆಯ ಹೆಜ್ಜೆ: ಒಂದು ಕ್ರೇಟಿನ ಹಿಂದೆ ನಡೆದುಹೋಗಿ

ಸರಪಳಿಯ ನಕ್ಷೆಯನ್ನು ಕಚೇರಿಯಲ್ಲಿ ಕುಳಿತು ಬರೆಯಬಾರದು. ಕಚೇರಿಯಲ್ಲಿ ಬರೆದ ನಕ್ಷೆಯಲ್ಲಿ ನರ್ಸರಿ, ಬೆಳೆಗಾರ, ಸಂಗ್ರಹಕಾರ, ಸಗಟು ವ್ಯಾಪಾರಿ, ಚಿಲ್ಲರೆ ಮಾರಾಟಗಾರ ಎಂಬ ಚೌಕಗಳು ಅಚ್ಚುಕಟ್ಟಾಗಿ ಸಾಲಾಗಿ ನಿಲ್ಲುತ್ತವೆ. ಆದರೆ ಹೊಲದ ಬದಿಯಲ್ಲಿ ಬಿಸಿಲಿಗೆ ಬಿದ್ದಿದ್ದ 2 ಗಂಟೆ, ವಾಹನಕ್ಕಾಗಿ ಕಾದ 3 ಗಂಟೆ, ಇಳಿಸುವ ಸರದಿಗಾಗಿ ನಿಂತ ರಾತ್ರಿ ಇವು ಯಾವುವೂ ಅಲ್ಲಿ ಕಾಣಿಸುವುದಿಲ್ಲ. ಆಯುಸ್ಸು ಕರಗುವುದು ಬಹುಪಾಲು ಈ ಚೌಕಗಳ ನಡುವಿನ ಜಾಗದಲ್ಲಿ, ಅಂದರೆ ಒಬ್ಬರು ಮಾಲನ್ನು ಬಿಟ್ಟುಕೊಟ್ಟು ಇನ್ನೊಬ್ಬರು ಇನ್ನೂ ತಮ್ಮದೆಂದು ಭಾವಿಸದ ಹೊತ್ತಿನಲ್ಲಿ.

ಹಾಗಾಗಿ ಕೊಯ್ಲಿನ ದಿನ ಒಂದು ಕ್ರೇಟನ್ನು ಗುರುತು ಮಾಡಿ, ಅದು ಅಂಗಡಿ ಸೇರುವವರೆಗೆ ಅದರ ಜೊತೆಯಲ್ಲೇ ಸಾಗಬೇಕು. ಕೈ ಬದಲಾಗುವ ಪ್ರತಿಯೊಂದು ಜಾಗದಲ್ಲಿ ಐದು ಅಂಶಗಳನ್ನು ದಾಖಲಿಸಿಕೊಳ್ಳಿ: ಗಂಟೆ, ಹಣ್ಣಿನ ತಿರುಳಿನ ಉಷ್ಣತೆ, ತೂಕ, ಕಣ್ಣಿಗೆ ಕಾಣುವ ಗುಣಮಟ್ಟ, ಮತ್ತು ಆ ಕ್ಷಣದಲ್ಲಿ ಮಾಲು ಕೆಟ್ಟರೆ ನಷ್ಟ ಯಾರದು ಎಂಬುದು. ಉಷ್ಣತೆಯನ್ನು ಗಾಳಿಯಲ್ಲಿ ಅಳೆದರೆ ಸಾಲದು, ಚುಚ್ಚಿ ಅಳೆಯುವ ಥರ್ಮಾಮೀಟರ್ ಬೇಕು. ಶೀತಲ ವಾಹನದ ಗಾಳಿ ತಂಪಾಗಿದ್ದರೂ ಬಿಸಿಯಾಗಿಯೇ ಒಳಹೊಕ್ಕ ಹಣ್ಣಿನ ತಿರುಳು ಗಂಟೆಗಟ್ಟಲೆ ಬಿಸಿಯಾಗಿಯೇ ಉಳಿದಿರುತ್ತದೆ. ಇಂತಹ ಪ್ರಯಾಣವನ್ನು ಋತುವಿನ ಆರಂಭ, ಉಚ್ಛ್ರಾಯ ಮತ್ತು ಕೊನೆ ಎಂಬ ಮೂರು ಘಟ್ಟಗಳಲ್ಲಿ ಕೈಗೊಂಡರೆ ಚಿತ್ರ ಪೂರ್ಣವಾಗುತ್ತದೆ, ಏಕೆಂದರೆ ಮಾಲು ಅತಿಯಾಗಿ ಬರುವ ದಿನಗಳಲ್ಲಿ ಸರಪಳಿಯ ವರ್ತನೆ ಪೂರ್ತಿ ಬೇರೆಯಾಗಿರುತ್ತದೆ.

ಇದಾದ ಬಳಿಕ ನಕ್ಷೆಯನ್ನು ಬರೆಯಬಹುದು. ಅದರಲ್ಲಿ ಮೂರು ಬಣ್ಣದ ಗೆರೆಗಳಿರಲಿ: ಮಾಲು ಮುಂದೆ ಸಾಗುವ ಗೆರೆ, ಹಣ ಹಿಂದೆ ಬರುವ ಗೆರೆ, ಮಾಹಿತಿ ಹರಿಯುವ ಗೆರೆ. ಮೊದಲೆರಡು ಗೆರೆಗಳು ಹೇಗೋ ಪೂರ್ಣವಾಗುತ್ತವೆ. ಮಾಹಿತಿಯ ಗೆರೆ ಮಾತ್ರ ಬಹಳ ಕಡೆ ನಡುವೆಯೇ ತುಂಡಾಗಿರುತ್ತದೆ. ಅಂಗಡಿಯಲ್ಲಿ ಮಾಲು ಯಾವ ಕಾರಣಕ್ಕೆ ತಿರಸ್ಕೃತವಾಯಿತೆಂಬ ಸುದ್ದಿ ಬೆಳೆಗಾರರನ್ನು ತಲುಪುವುದೇ ಇಲ್ಲ; ತಲುಪಿದರೂ ಅದು ಬೆಲೆ ಕಡಿತದ ರೂಪದಲ್ಲಿ, ಕಾರಣವಿಲ್ಲದೆ ತಲುಪುತ್ತದೆ. ಆ ತುಂಡಾದ ಜಾಗಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿಡಿ. ಸಾಲ ಕೊಡುವವರು, ಸಾಗಣೆದಾರರು, ಪ್ರಯೋಗಾಲಯ, ಸಲಹೆಗಾರರು ಮುಂತಾದ ಬೆಂಬಲ ಸೇವೆಗಳನ್ನು ನಕ್ಷೆಯ ಅಂಚಿನಲ್ಲಿ ಬರೆದರೆ ಸಾಕು.

ಮೂರನೆಯ ಹೆಜ್ಜೆ: ಬೆಲೆಯ ಅಂತರವನ್ನೂ ಲಾಭವನ್ನೂ ಬೇರ್ಪಡಿಸಿ

ಬೆಳೆಗಾರರಿಗೆ ಸಿಕ್ಕ ಬೆಲೆಗೂ ಗ್ರಾಹಕರು ಕೊಟ್ಟ ಬೆಲೆಗೂ ನಡುವಿನ ಅಂತರವನ್ನು ಕಂಡು, ಅದಷ್ಟೂ ಮಧ್ಯವರ್ತಿಗಳ ಲಾಭವೆಂದು ತೀರ್ಮಾನಿಸುವುದು ಸುಲಭ. ಆ ತೀರ್ಮಾನದ ಮೇಲೆ ಕಟ್ಟಿದ ನೇರ ಮಾರಾಟದ ಯೋಜನೆಗಳು ಕುಸಿಯುವುದೂ ಅಷ್ಟೇ ಸುಲಭ. ಆದ್ದರಿಂದ ಇಲ್ಲಿ ನಿಧಾನವಾಗಿ ಲೆಕ್ಕ ಹಾಕೋಣ.

ಒಬ್ಬ ವ್ಯಾಪಾರಿ 100 ಕಿಲೋ ಹಣ್ಣನ್ನು ಕಿಲೋಗೆ 10 ನಾಣ್ಯದಂತೆ ಕೊಂಡು 16 ನಾಣ್ಯಕ್ಕೆ ಮಾರುತ್ತಾನೆಂದು ಭಾವಿಸಿ. ಮೇಲ್ನೋಟಕ್ಕೆ ಅಂತರ 6 ನಾಣ್ಯ, ಅಂದರೆ ಒಟ್ಟು 600. ಸಾಗಣೆ, ಪ್ಯಾಕಿಂಗ್ ಮತ್ತು ಕೂಲಿಗೆ ಕಿಲೋಗೆ 3 ನಾಣ್ಯ ತಗಲಿದರೆ ಅವನ ಒಟ್ಟು ಹೂಡಿಕೆ 1,300 ಆಗುತ್ತದೆ. ದಾರಿಯಲ್ಲಿ ಮತ್ತು ಅಂಗಡಿಯಲ್ಲಿ ಶೇಕಡಾ 10ರಷ್ಟು ಮಾಲು ಕೆಟ್ಟರೆ ಮಾರಾಟವಾಗುವುದು 90 ಕಿಲೋ ಮಾತ್ರ, ಬರುವ ಹಣ 1,440. ಕೈಯಲ್ಲಿ ಉಳಿಯುವುದು 140. ಕಿಲೋಗೆ 6 ನಾಣ್ಯದಂತೆ ಕಂಡದ್ದು ವಾಸ್ತವದಲ್ಲಿ 1.4 ನಾಣ್ಯ; ಅದರಲ್ಲೂ ಬಡ್ಡಿ, ಬಾಡಿಗೆ ಮತ್ತು ಅವನ ದುಡಿಮೆಯ ಮೌಲ್ಯವನ್ನು ಇನ್ನೂ ಕಳೆದಿಲ್ಲ.

ಈಗ ಅದೇ ಲೆಕ್ಕದಲ್ಲಿ ನಷ್ಟವನ್ನು ಶೇಕಡಾ 10ರಿಂದ 5ಕ್ಕೆ ಇಳಿಸಿ ನೋಡಿ. ಮಾರಾಟದ ಹಣ 1,520 ಆಗಿ, ಉಳಿಕೆ 220ಕ್ಕೆ ಏರುತ್ತದೆ. ಬೆಲೆಯಲ್ಲಿ ಒಂದು ಕಾಸೂ ಬದಲಾಗದೆ ಉಳಿಕೆ ಅರ್ಧಕ್ಕಿಂತ ಹೆಚ್ಚು ಬೆಳೆಯಿತು. ಬೆಲೆಯ ಚೌಕಾಸಿಯಲ್ಲಿ ಒಬ್ಬರ ಗಳಿಕೆ ಇನ್ನೊಬ್ಬರ ನಷ್ಟ. ನಷ್ಟ ತಗ್ಗಿಸುವ ಕೆಲಸದಲ್ಲಿ ಮಾತ್ರ ಎಲ್ಲರಿಗೂ ಹಂಚಬಹುದಾದ ಹೊಸ ಹಣ ಹುಟ್ಟುತ್ತದೆ. ಸರಪಳಿಯ ಪಾಲುದಾರರನ್ನು ಒಂದೆಡೆ ಕೂಡಿಸಿ ಮಾತನಾಡುವಾಗ ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದೆಂದು ನಾನು ಬಲವಾಗಿ ನಂಬುತ್ತೇನೆ.

ಇನ್ನೆರಡು ಸಂಗತಿಗಳನ್ನು ಲೆಕ್ಕದಲ್ಲಿ ಮರೆಯಬಾರದು. ನಷ್ಟಗಳು ಒಂದರ ಮೇಲೊಂದು ಗುಣಿಸುತ್ತ ಹೋಗುತ್ತವೆ: ಐದು ಹಂತಗಳಲ್ಲಿ ತಲಾ ಶೇಕಡಾ 5ರಷ್ಟು ಹೋದರೆ 100 ಕಿಲೋದಲ್ಲಿ ಕೊನೆಗೆ ಉಳಿಯುವುದು ಸುಮಾರು 77 ಕಿಲೋ. ಎರಡನೆಯದಾಗಿ, ನಷ್ಟ ಎಷ್ಟು ತಡವಾಗಿ ಆಗುತ್ತದೋ ಅಷ್ಟು ದುಬಾರಿ. ತೋಟದಲ್ಲೇ ಬೇರ್ಪಡಿಸಿದ ಕೆಟ್ಟ ಹಣ್ಣಿನ ಜೊತೆ ಬೆಳೆಯುವ ವೆಚ್ಚ ಮಾತ್ರ ಹೋಗುತ್ತದೆ. ಅದೇ ಹಣ್ಣು ಅಂಗಡಿಯಲ್ಲಿ ಕೊಳೆತರೆ ಪ್ಯಾಕಿಂಗ್, ತಂಪುಗೊಳಿಸುವಿಕೆ ಮತ್ತು ಸಾಗಣೆಯ ವೆಚ್ಚಗಳೂ ಅದರ ಜೊತೆ ಕೊಳೆಯುತ್ತವೆ, ಪಕ್ಕದ ಒಳ್ಳೆಯ ಹಣ್ಣಿಗೂ ರೋಗ ತಗಲುತ್ತದೆ. ಹಾಗಾಗಿ ಮೊದಲ ವಿಂಗಡಣೆ ಸಾಧ್ಯವಾದಷ್ಟೂ ತೋಟದ ಹತ್ತಿರದಲ್ಲಿ ನಡೆಯಬೇಕು.

ನಾಲ್ಕನೆಯ ಹೆಜ್ಜೆ: ನಷ್ಟ ಕಂಡ ಜಾಗವನ್ನಲ್ಲ, ಹುಟ್ಟಿದ ಜಾಗವನ್ನು ಹುಡುಕಿ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2019ರಲ್ಲಿ ನೀಡಿದ ಅಂದಾಜಿನಂತೆ, ಕೊಯ್ಲಿನ ನಂತರ ಚಿಲ್ಲರೆ ಮಾರಾಟಕ್ಕೆ ಮುಂಚೆಯೇ ಜಗತ್ತಿನ ಆಹಾರದಲ್ಲಿ ಮೌಲ್ಯದ ಲೆಕ್ಕದಲ್ಲಿ ಸುಮಾರು ಶೇಕಡಾ 14ರಷ್ಟು ನಷ್ಟವಾಗುತ್ತದೆ. ಹಣ್ಣು ಮತ್ತು ತರಕಾರಿಗಳಲ್ಲಿ ಈ ಪ್ರಮಾಣ ಧಾನ್ಯಗಳಿಗಿಂತ ಹೆಚ್ಚು. ಆದರೆ ನಿಮ್ಮ ಸರಪಳಿಗೆ ಬೇಕಾದದ್ದು ಸರಾಸರಿಯ ಅಂಕಿಯಲ್ಲ, ಕಾರಣ. ಮಾವಿನ ಹಣ್ಣಿನ ಮೇಲೆ ಅಂಗಡಿಯಲ್ಲಿ ಕಾಣಿಸಿಕೊಳ್ಳುವ ಕಪ್ಪು ಮಚ್ಚೆಯ ಶಿಲೀಂಧ್ರ ಕಾಯಿ ಎಳೆಯದಾಗಿದ್ದಾಗಲೇ ತೋಟದಲ್ಲಿ ಒಳಹೊಕ್ಕು, ಹಣ್ಣಾಗುವವರೆಗೆ ಸುಪ್ತವಾಗಿರುತ್ತದೆ. ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ಸೇಬಿನ ಮೇಲಿನ ಜಜ್ಜುಗಾಯವೂ ಬಿದ್ದ ಕೂಡಲೇ ಪೂರ್ತಿ ಕಾಣುವುದಿಲ್ಲ, ತಡವಾಗಿ ಕಂದುಬಣ್ಣಕ್ಕೆ ತಿರುಗುತ್ತದೆ.

ಕಾರಣಗಳಲ್ಲಿ ಉಷ್ಣತೆಗೆ ಅಗ್ರಸ್ಥಾನ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಾಗ ಉಸಿರಾಟದ ವೇಗ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟಾಗುತ್ತದೆ. ಅಂದರೆ 30 ಡಿಗ್ರಿಯಲ್ಲಿ ಕಳೆದ ಕೆಲವು ಗಂಟೆಗಳು ತಂಪಿನಲ್ಲಿ ಕಳೆಯಬಹುದಾಗಿದ್ದ ಒಂದೆರಡು ದಿನಗಳನ್ನೇ ತಿಂದುಹಾಕಬಲ್ಲವು. ಹೊಲದ ಬಿಸಿಯನ್ನು ಕೊಯ್ಲಿನ ಬಳಿಕ ಬೇಗನೆ ತೆಗೆದುಹಾಕುವುದೇ ಶೀತಲ ಸರಪಳಿಯ ನಿಜವಾದ ಆರಂಭ. ಶೀತಲಗೃಹವನ್ನು ಇರುವ ತಂಪನ್ನು ಕಾಯ್ದುಕೊಳ್ಳುವುದಕ್ಕಾಗಿ ರೂಪಿಸಿರುತ್ತಾರೆ, ಬಿಸಿ ಮಾಲನ್ನು ಬೇಗ ತಣಿಸಲು ಅದಕ್ಕೆ ಶಕ್ತಿ ಇರುವುದಿಲ್ಲ. ಅದಕ್ಕೆ ಕ್ರೇಟುಗಳ ನಡುವೆ ಗಾಳಿಯನ್ನು ಬಲವಾಗಿ ಎಳೆಯುವ ವ್ಯವಸ್ಥೆ, ತಣ್ಣೀರಿನ ಸ್ನಾನ ಅಥವಾ ಎಲೆತರಕಾರಿಗಳಿಗೆ ನಿರ್ವಾತ ತಂಪುಗೊಳಿಸುವಿಕೆಯಂತಹ ಪ್ರತ್ಯೇಕ ಏರ್ಪಾಡು ಬೇಕು. ಅದು ಎಟುಕದಿದ್ದರೆ ಮುಂಜಾನೆಯ ತಂಪಿನಲ್ಲಿ ಕೊಯ್ಯುವುದು, ಕೊಯ್ದದ್ದನ್ನು ತಕ್ಷಣ ನೆರಳಿಗೆ ಸಾಗಿಸುವುದು, ಕ್ರೇಟಿನ ಮೇಲೆ ತಿಳಿಬಣ್ಣದ ಹೊದಿಕೆ ಹಾಕುವುದು ಇವು ಹೆಚ್ಚು ಖರ್ಚಿಲ್ಲದ ಉಪಾಯಗಳು.

ಹಾಗೆಂದು ಎಲ್ಲವನ್ನೂ ಸಮನಾಗಿ ತಂಪು ಮಾಡುವುದು ಇನ್ನೊಂದು ತಪ್ಪು. ಸೇಬು, ದ್ರಾಕ್ಷಿ, ಎಲೆತರಕಾರಿ ಮತ್ತು ಗುಲಾಬಿಗಳು 0 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಉಳಿಯುತ್ತವೆ. ಉಷ್ಣವಲಯದ ಬಾಳೆಯನ್ನು ಸುಮಾರು 13 ಡಿಗ್ರಿಗಿಂತ ಕೆಳಗಿಟ್ಟರೆ ಸಿಪ್ಪೆ ಕಳೆಗುಂದಿ ಕಂದಾಗುತ್ತದೆ, ಸರಿಯಾಗಿ ಹಣ್ಣಾಗುವುದೂ ಇಲ್ಲ. ಮಾವು ಮತ್ತು ಬಲಿತ ಹಸಿರು ಟೊಮೆಟೊ ಕೂಡ ಅತಿ ತಂಪಿನಿಂದ ಹಾಳಾಗುತ್ತವೆ. ತೇವಾಂಶದ ವಿಷಯದಲ್ಲೂ ಹೀಗೆಯೇ: ಎಲೆತರಕಾರಿಗೆ ಶೇಕಡಾ 95ರ ಆರ್ದ್ರತೆ ಹಿತ, ಒಣಗಿಸಿದ ಈರುಳ್ಳಿಗೆ ಅದು ಕೊಳೆತವನ್ನು ತರುತ್ತದೆ. ಹಣ್ಣನ್ನು ಮಾಗಿಸುವ ಎಥಿಲೀನ್ ಅನಿಲವಂತೂ ಕಣ್ಣಿಗೆ ಕಾಣದ ಶತ್ರು. ಸೇಬು, ಮಾಗಿದ ಬಾಳೆ ಮೊದಲಾದವು ಅದನ್ನು ಹೊರಸೂಸುತ್ತವೆ. ಪಕ್ಕದಲ್ಲಿಟ್ಟ ಸೌತೆಕಾಯಿ ಹಳದಿಯಾಗುತ್ತದೆ, ಕಾರ್ನೇಷನ್ ಹೂವಿನ ದಳಗಳು ಮುದುಡುತ್ತವೆ. ಒಂದೇ ವಾಹನದಲ್ಲಿ ಏನೇನನ್ನು ಜೊತೆಯಾಗಿ ಕಳುಹಿಸಬಹುದು ಎಂಬ ಪಟ್ಟಿಯನ್ನು ಸಾಗಣೆದಾರರ ಕೈಗೆ ಬರಹದಲ್ಲಿ ಕೊಡಿ.

ಕೊಯ್ಲಿನ ಹದವನ್ನು ನಿರ್ಧರಿಸುವಾಗ ಬೆಳೆಯ ಸ್ವಭಾವವನ್ನು ತಿಳಿದಿರಬೇಕು. ಮಾವು, ಬಾಳೆ, ಟೊಮೆಟೊಗಳನ್ನು ಬಲಿತ ಕಾಯಿಯ ಹಂತದಲ್ಲಿ ಕಿತ್ತರೂ ಮುಂದೆ ಹಣ್ಣಾಗುತ್ತವೆ. ದ್ರಾಕ್ಷಿ, ಕಿತ್ತಳೆ, ದಾಳಿಂಬೆ, ಸ್ಟ್ರಾಬೆರಿಗಳು ಕಿತ್ತ ಮೇಲೆ ಸಿಹಿಯಾಗುವುದಿಲ್ಲ. ದೂರದ ಮಾರುಕಟ್ಟೆಗೆಂದು ಅವನ್ನು ಬೇಗ ಕೊಯ್ದರೆ ದೊರೆಯುವುದು ಹುಳಿ ಹಣ್ಣು ಮತ್ತು ಕಳೆದುಕೊಂಡ ಗ್ರಾಹಕ.

ಐದನೆಯ ಹೆಜ್ಜೆ: ಸಂಬಂಧಗಳನ್ನು ಬರಹಕ್ಕೆ ತನ್ನಿ

ಸರಪಳಿಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಮೌಲ್ಯದ ಹಂಚಿಕೆಯನ್ನು ನಿರ್ಧರಿಸುತ್ತದೆ. ಒಂದು ತುದಿಯಲ್ಲಿ ದಿನದ ಬೆಲೆಗೆ ಯಾರಿಗಾದರೂ ಮಾರುವ ಮುಕ್ತ ವ್ಯವಹಾರವಿದೆ; ಇನ್ನೊಂದು ತುದಿಯಲ್ಲಿ ತೋಟದಿಂದ ಅಂಗಡಿಯವರೆಗೆ ಎಲ್ಲವೂ ಒಂದೇ ಸಂಸ್ಥೆಯ ಒಡೆತನದಲ್ಲಿರುತ್ತದೆ. ಇವೆರಡರ ನಡುವೆ ಪರಸ್ಪರ ನಂಬಿಕೆಯ ಮೇಲೆ ನಿಂತ ದೀರ್ಘಕಾಲದ ಸಂಬಂಧಗಳೂ, ಒಬ್ಬ ಬಲಿಷ್ಠ ಖರೀದಿದಾರನಿಗೆ ಸಣ್ಣ ಬೆಳೆಗಾರರು ಪೂರ್ತಿ ಕಟ್ಟುಬಿದ್ದಿರುವ ಸ್ಥಿತಿಯೂ ಇವೆ. ಬೇಗ ಕೆಡದ, ಗುಣಮಟ್ಟವನ್ನು ನೋಡಿದೊಡನೆ ಅಳೆಯಬಹುದಾದ ಮಾಲಿಗೆ ಮುಕ್ತ ವ್ಯವಹಾರ ಸಾಕಾಗುತ್ತದೆ. ಬೇಗ ಕೆಡುವ ಮತ್ತು ಕೀಟನಾಶಕದ ಶೇಷದಂತಹ ಕಣ್ಣಿಗೆ ಕಾಣದ ಗುಣಗಳು ಮುಖ್ಯವಾಗುವ ಮಾಲಿಗೆ ಒಪ್ಪಂದ ಬೇಕೇಬೇಕು.

ಒಪ್ಪಂದದಲ್ಲಿ ಬೆಲೆಗಿಂತ ಹೆಚ್ಚು ಗಮನವನ್ನು ಮಾಲು ಕೈ ಬದಲಾಗುವ ಕ್ಷಣಕ್ಕೆ ಕೊಡಿ. ಒಡೆತನ ಯಾವ ಜಾಗದಲ್ಲಿ ಬದಲಾಗುತ್ತದೆ, ಆಗ ತಿರುಳಿನ ಉಷ್ಣತೆ ಎಷ್ಟಿರಬೇಕು, ಎಷ್ಟು ಕ್ರೇಟುಗಳನ್ನು ಮಾದರಿಯಾಗಿ ಪರೀಕ್ಷಿಸಬೇಕು, ತಕರಾರನ್ನು ಎಷ್ಟು ಗಂಟೆಯೊಳಗೆ ಚಿತ್ರಸಹಿತ ತಿಳಿಸಬೇಕು, ತಿರಸ್ಕೃತ ಮಾಲನ್ನು ಏನು ಮಾಡಬೇಕು, ಹಣ ಎಷ್ಟು ದಿನದೊಳಗೆ ಬರಬೇಕು ಎಂಬುದೆಲ್ಲವೂ ಬರಹದಲ್ಲಿರಲಿ. ಪೂರ್ತಿ ಸ್ಥಿರ ಬೆಲೆ ಮಾರುಕಟ್ಟೆ ಏರಿದಾಗ ಬೆಳೆಗಾರರನ್ನು, ಇಳಿದಾಗ ಖರೀದಿದಾರರನ್ನು ಮಾತು ತಪ್ಪುವಂತೆ ಪ್ರಚೋದಿಸುತ್ತದೆ. ಕನಿಷ್ಠ ಬೆಲೆಯೊಂದನ್ನು ಗೊತ್ತುಮಾಡಿ, ಅದರ ಮೇಲಿನ ಏರಿಕೆಯನ್ನು ಹಂಚಿಕೊಳ್ಳುವ ಸೂತ್ರ ಹೆಚ್ಚು ಕಾಲ ಬಾಳುತ್ತದೆ.

ಮಧ್ಯವರ್ತಿಗಳನ್ನು ಕೈಬಿಡುವ ಮುನ್ನ ಅವರು ಮಾಡುತ್ತಿದ್ದ ಕೆಲಸಗಳ ಪಟ್ಟಿ ಮಾಡಿ. ಚೂರುಪಾರು ಮಾಲನ್ನು ಒಗ್ಗೂಡಿಸುವುದು, ಮುಂಗಡ ಕೊಡುವುದು, ಎಲ್ಲ ದರ್ಜೆಯ ಮಾಲಿಗೂ ಗಿರಾಕಿ ಹುಡುಕುವುದು, ಕೆಟ್ಟ ದಿನದ ನಷ್ಟವನ್ನು ಹೊರುವುದು: ಇವುಗಳನ್ನು ಮುಂದೆ ಯಾರು, ಯಾವ ಹಣದಲ್ಲಿ ಮಾಡುತ್ತಾರೆ ಎಂಬುದಕ್ಕೆ ಉತ್ತರವಿದ್ದರೆ ಮಾತ್ರ ಮುಂದುವರಿಯಿರಿ. ಬೆಳೆಗಾರರ ಸಂಘ ಅಥವಾ ಉತ್ಪಾದಕ ಸಂಸ್ಥೆ ಈ ಕೆಲಸಗಳನ್ನು ವಹಿಸಿಕೊಳ್ಳಬಲ್ಲದು, ಆದರೆ ಅದಕ್ಕೆ ದುಡಿಯುವ ಬಂಡವಾಳವೂ ದಿನನಿತ್ಯ ವ್ಯವಹಾರ ನೋಡುವ ನುರಿತ ವ್ಯಕ್ತಿಯೂ ಬೇಕು.

ಆರನೆಯ ಹೆಜ್ಜೆ: ಬದಲಾವಣೆಯನ್ನು ಒಂದೊಂದಾಗಿ ಆರಿಸಿ

ಸುಧಾರಣೆಗೆ ನಾಲ್ಕು ದಾರಿಗಳಿವೆ. ಇರುವ ಕೆಲಸವನ್ನೇ ಉತ್ತಮವಾಗಿ ಮಾಡುವುದು, ಉತ್ಪನ್ನದ ದರ್ಜೆಯನ್ನು ಏರಿಸುವುದು, ಪ್ಯಾಕಿಂಗ್ ಅಥವಾ ಸಂಸ್ಕರಣೆಯಂತಹ ಹೊಸ ಕೆಲಸವನ್ನು ಕೈಗೆತ್ತಿಕೊಳ್ಳುವುದು, ಮತ್ತು ಬೇರೆಯದೇ ಸರಪಳಿಗೆ ಹೋಗುವುದು. ಉತ್ಸಾಹದಲ್ಲಿ ಅನೇಕರು ಮೂರನೆಯದಕ್ಕೆ ಹಾರುತ್ತಾರೆ. ನಾನು ಮೊದಲನೆಯದನ್ನು ಮುಗಿಸಿ ಮುಂದೆ ಹೋಗಿ ಎನ್ನುತ್ತೇನೆ. ಸಂಸ್ಕರಣಾ ಘಟಕ ವರ್ಷದ ಬಹುಭಾಗ ಓಡಬೇಕು, ಆದರೆ ಕಚ್ಚಾ ಮಾಲು ಕೆಲವು ವಾರಗಳು ಮಾತ್ರ ಸಿಗುತ್ತದೆ. ತಾಜಾ ಮಾರಾಟಕ್ಕೆ ಒಳ್ಳೆಯದಾದ ತಳಿ ರಸಕ್ಕೋ ತಿರುಳಿಗೋ ಒಳ್ಳೆಯದಾಗಿರಬೇಕೆಂದಿಲ್ಲ. ಮಾರಾಟವಾಗದೆ ಉಳಿದ ಹಣ್ಣನ್ನೇ ನಂಬಿದ ಘಟಕಕ್ಕೆ ಬೆಲೆ ಏರಿದ ವರ್ಷ ಮಾಲೇ ಸಿಗುವುದಿಲ್ಲ.

ಮೊದಲನೆಯ ದಾರಿಯಲ್ಲಿ ಮಾಡಬಹುದಾದ ಕೆಲಸಗಳು ಸಣ್ಣವಾಗಿ ಕಂಡರೂ ಫಲ ದೊಡ್ಡದು. ಗೋಣಿಚೀಲ ಮತ್ತು ಬುಟ್ಟಿಗಳ ಬದಲು ಒಂದರ ಮೇಲೊಂದು ಜೋಡಿಸಬಹುದಾದ ಗಾಳಿಯಾಡುವ ಪ್ಲಾಸ್ಟಿಕ್ ಕ್ರೇಟುಗಳನ್ನು ಬಳಸಿದರೆ ಮೇಲಿನ ಭಾರ ಕ್ರೇಟಿನ ಗೋಡೆಯ ಮೇಲೆ ಬೀಳುತ್ತದೆ, ಹಣ್ಣಿನ ಮೇಲಲ್ಲ. ಕ್ರೇಟನ್ನು ಅಂಚಿನ ಮೇಲಕ್ಕೆ ತುಂಬಿದರೆ ಈ ಲಾಭವೆಲ್ಲ ಹೋಯಿತು. ಕ್ರೇಟುಗಳು ಹಿಂತಿರುಗಿ ಬರುವ, ತೊಳೆದು ಶುಚಿಗೊಳ್ಳುವ ವ್ಯವಸ್ಥೆಯನ್ನೂ ಮೊದಲೇ ಯೋಚಿಸಿಡಿ. ಪ್ರತಿ ಬದಲಾವಣೆಯನ್ನೂ ಕೆಲವು ಸಾಗಣೆಗಳಲ್ಲಿ ಪರೀಕ್ಷಿಸಿ, ಹಳೆಯ ಕ್ರಮದಲ್ಲಿ ಕಳುಹಿಸಿದ ಮಾಲಿನ ಜೊತೆ ಹೋಲಿಸಿ, ಉಳಿಕೆ ಹೆಚ್ಚಿದ್ದು ಖಚಿತವಾದ ಮೇಲೆಯೇ ವಿಸ್ತರಿಸಿ. ಲಾಭ ಒಬ್ಬರಿಗೆ ಸೇರಿ ಹೆಚ್ಚುವರಿ ಶ್ರಮ ಇನ್ನೊಬ್ಬರ ಮೇಲೆ ಬಿದ್ದರೆ ಸುಧಾರಣೆ ಬಾಳುವುದಿಲ್ಲ: ಜಾಗರೂಕತೆಯಿಂದ ಕೊಯ್ಯಬೇಕೆಂದು ಬಯಸುವವರು ಕೂಲಿಯನ್ನು ಕಿತ್ತ ತೂಕಕ್ಕೆ ಮಾತ್ರ ಕೊಟ್ಟರೆ, ಕೊಯ್ಯುವವರು ವೇಗಕ್ಕೇ ಮಣಿಯಬೇಕಾಗುತ್ತದೆ.

ಏಳನೆಯ ಹೆಜ್ಜೆ: ಮಾನದಂಡ ಮತ್ತು ಜಾಡು ಹಿಡಿಯುವ ದಾಖಲೆ

ಆಹಾರ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡಗಳನ್ನು 1963ರಲ್ಲಿ ಸ್ಥಾಪಿತವಾದ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗ ರೂಪಿಸುತ್ತದೆ. ಇದರ ಜೊತೆಗೆ ದೊಡ್ಡ ಚಿಲ್ಲರೆ ಮಾರಾಟಗಾರರು ಖಾಸಗಿ ಪ್ರಮಾಣಪತ್ರಗಳನ್ನೂ ಕೇಳುತ್ತಾರೆ. 1997ರಲ್ಲಿ ಯೂರೆಪ್‌ಗ್ಯಾಪ್ ಎಂಬ ಹೆಸರಿನಲ್ಲಿ ಆರಂಭವಾಗಿ 2007ರಲ್ಲಿ ಗ್ಲೋಬಲ್‌ಗ್ಯಾಪ್ ಆದ, ಉತ್ತಮ ಕೃಷಿ ಪದ್ಧತಿಗಳ ಪ್ರಮಾಣಪತ್ರ ಅವುಗಳಲ್ಲಿ ಪ್ರಮುಖವಾದುದು. ಐರೋಪ್ಯ ಒಕ್ಕೂಟದಲ್ಲಿ ನಿರ್ದಿಷ್ಟ ಮಿತಿ ಗೊತ್ತುಮಾಡದ ಕೀಟನಾಶಕದ ಶೇಷಕ್ಕೆ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಒಂದೇ ಒಂದು ತಪ್ಪು ಸಿಂಪಡಣೆ ಇಡೀ ಸಾಗಣೆಯನ್ನು ಹಿಂದಿರುಗಿಸಬಲ್ಲುದೆಂಬುದಕ್ಕೆ ಈ ಅಂಕಿಯೇ ಸಾಕ್ಷಿ. ರಫ್ತಿನಲ್ಲಿ ಮರದ ಪೆಟ್ಟಿಗೆ ಅಥವಾ ಹಲಗೆಗಳನ್ನು ಬಳಸಿದರೆ ಅವುಗಳಿಗೂ ನಿಯಮವಿದೆ: ಶಾಖದಿಂದ ಉಪಚರಿಸುವ ಸಾಂಪ್ರದಾಯಿಕ ವಿಧಾನದಲ್ಲಿ ಮರದ ಒಳತಿರುಳು 56 ಡಿಗ್ರಿಯನ್ನು ತಲುಪಿ ಕನಿಷ್ಠ 30 ನಿಮಿಷ ಹಾಗೆಯೇ ಇರಬೇಕು.

ಪ್ರಮಾಣಪತ್ರ ಬೇಕಿರಲಿ ಬೇಡದಿರಲಿ, ಪ್ರತಿ ದಿನದ ಕೊಯ್ಲಿಗೆ ಒಂದು ಲಾಟ್ ಸಂಖ್ಯೆಯನ್ನು ಕೊಡಿ. ಅದು ತೋಟದ ಭಾಗ, ಕೊಯ್ದ ದಿನ ಮತ್ತು ಕೊಯ್ದ ಗುಂಪನ್ನು ಸೂಚಿಸಬೇಕು, ಸಿಂಪಡಣೆಯ ದಾಖಲೆಗೆ ಜೋಡಣೆಯಾಗಬೇಕು ಮತ್ತು ಕೊನೆಯ ಪೆಟ್ಟಿಗೆಯವರೆಗೆ ಮಾಲಿನ ಜೊತೆ ಸಾಗಬೇಕು. ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಯಾರೆಂದು ಪ್ರತಿಯೊಬ್ಬರೂ ತೋರಿಸಬಲ್ಲವರಾದರೆ, ದೋಷ ಕಂಡಾಗ ಇಡೀ ಮಾಲನ್ನು ಹಿಂಪಡೆಯುವ ಬದಲು ದೋಷವಿರುವ ಲಾಟನ್ನು ಮಾತ್ರ ಹಿಂಪಡೆಯಬಹುದು. ತುಂಡಾಗಿದ್ದ ಮಾಹಿತಿಯ ಗೆರೆಯನ್ನು ಮರಳಿ ಜೋಡಿಸುವುದೂ ಈ ಸಂಖ್ಯೆಯೇ: ತಿರಸ್ಕಾರದ ಕಾರಣ ಈಗ ನಿರ್ದಿಷ್ಟ ತೋಟಕ್ಕೆ, ನಿರ್ದಿಷ್ಟ ದಿನಕ್ಕೆ ತಲುಪುತ್ತದೆ.

ಎಂಟನೆಯ ಹೆಜ್ಜೆ: ಕೆಲವೇ ಅಳತೆಗಳನ್ನು ಬಿಡದೆ ನೋಡಿ

ಕೊಯ್ಲಿನಿಂದ ತಂಪಿಗೆ ಸೇರಲು ಹಿಡಿದ ಗಂಟೆಗಳು, ತಲುಪಿದಾಗಿನ ತಿರುಳಿನ ಉಷ್ಣತೆ, ಮೊದಲ ದರ್ಜೆಯ ಶೇಕಡಾವಾರು ಪಾಲು, ಕಾರಣಸಹಿತ ತಿರಸ್ಕಾರ, ಹಣ ಕೈಸೇರಲು ಹಿಡಿದ ದಿನಗಳು, ಮತ್ತು ಕೊಯ್ದ ಪ್ರತಿ ಕಿಲೋಗೆ ಉಳಿಕೆ: ಈ ಆರು ಅಳತೆಗಳು ಬಹುತೇಕ ಉದ್ಯಮಗಳಿಗೆ ಸಾಕು. ಕೊನೆಯದನ್ನು ಮಾರಿದ ಕಿಲೋಗೆ ಲೆಕ್ಕ ಹಾಕಿದರೆ ನಷ್ಟವಾದ ಮಾಲು ಲೆಕ್ಕದಿಂದಲೇ ಮಾಯವಾಗುತ್ತದೆ, ಆದ್ದರಿಂದ ಕೊಯ್ದ ಕಿಲೋಗೇ ಹಾಕಿ. ಋತುವಿನಲ್ಲಿ ವಾರಕ್ಕೊಮ್ಮೆ ಈ ಅಂಕಿಗಳನ್ನು ಬೆಳೆಗಾರರು, ಪ್ಯಾಕಿಂಗ್ ಮನೆಯವರು, ಸಾಗಣೆದಾರರು ಮತ್ತು ಖರೀದಿದಾರರ ಪ್ರತಿನಿಧಿ ಒಟ್ಟಿಗೆ ನೋಡಬೇಕು. ಯಾವುದಾದರೂ ಅಳತೆ ಎರಡು ವಾರ ಸತತವಾಗಿ ಕೆಟ್ಟರೆ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ, ಮತ್ತೆ ಒಂದು ಕ್ರೇಟಿಗೆ ಗುರುತು ಹಾಕಿ, ಥರ್ಮಾಮೀಟರ್ ಹಿಡಿದು ಅದರ ಜೊತೆ ತೋಟದಿಂದ ಹೊರಡಿ.